ಮಂಜಿನಲ್ಲಿ ದಾರಿ ಹೇಳುವ ಕೆಲಸ

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಎದುರಿನ ರಸ್ತೆಯೇ ಕಾಣುತ್ತಿರಲಿಲ್ಲ. ಶಿವರಾತ್ರಿಗೆ ಇನ್ನೂ ಎರಡು ವಾರವಿದೆ. ಚಳಿ ಶಿವ ಶಿವಾ ಎಂದು ಹೊರಡುವ ಮುಂಚೆ ಸೋಮವಾರಪೇಟೆಯಲ್ಲಿ ಹೀಗೆ ನಾಲ್ಕಾರು ದಿನ ಮಂಜು ಕಟ್ಟುವುದುಂಟು. ನಮ್ಮದು ಗೋಣಿಚೀಲ, ಹಗ್ಗ, ಕತ್ತಿ, ಬುಟ್ಟಿ ಮಾರುವ ಅಂಗಡಿ. ಚೀಲದ ಕಟ್ಟುಗಳನ್ನು ಹೊರಗಿಟ್ಟು, ಹಗ್ಗದ ಸುರುಳಿಗಳನ್ನು ಮೊಳೆಗೆ ನೇತುಹಾಕುತ್ತಿದ್ದೆ. ಮಂಜಿನೊಳಗಿಂದ ಒಂದು ಹೆಂಗಸಿನ ದನಿ ಬಂತು. "ಬನ್ನಿ, ಬನ್ನಿ... ಚರಂಡಿ ಎಡಕ್ಕೆ... ಇನ್ನೂ ಬನ್ನಿ... ಸಾಕು. ಸಾಕು ಅಂದ್ನಲ್ಲ!" ದನಿಯ ಹಿಂದೆ ಎರಡು ಮಂಕು ದೀಪ, ದೀಪದ ಹಿಂದೆ ಒಂದು ಕಾರು, ಕಾರಿನ ಎಡಗಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ ಒಬ್ಬಳು. ತಲೆಗೆ ಮಫ್ಲರು. ಒಳಗಿದ್ದ ಗಂಡ ಏನೋ ಗೊಣಗಿದ. ಅವಳು ನನ್ನ ಕಡೆ ತಿರುಗಿ, "ನೋಡಿ ಅಕ್ಕಾ, ಹೇಳಿದ್ರೂ ಕಷ್ಟ, ಹೇಳದಿದ್ರೂ ಕಷ್ಟ," ಎಂದು ನಕ್ಕಳು. ಕಾರು ಮತ್ತೆ ಮಂಜಿನೊಳಗೆ ಹೋಯಿತು. ದನಿ ಮಾತ್ರ ಸ್ವಲ್ಪ ದೂರ ಕೇಳುತ್ತಲೇ ಇತ್ತು.

ನೀವು ಬಯಲುಸೀಮೆಯವರಾದರೆ ಇದು ನಿಮಗೆ ಹೊಸದಾಗಿ ಕಂಡೀತು. ನಮ್ಮಲ್ಲಿ ಗಾಡಿ ಓಡಿಸುವವರ ಪಕ್ಕ ಕೂತವರಿಗೆ ಒಂದು ಕೆಲಸವಿರುತ್ತದೆ. ಮಂಜು ಬಂದರೆ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ರಸ್ತೆಯ ಅಂಚು ನೋಡುತ್ತಾ ದಾರಿ ಹೇಳಬೇಕು. ಇದಕ್ಕೆ ಯಾರೂ ಹೆಸರಿಟ್ಟಿಲ್ಲ, ಸಂಬಳವೂ ಇಲ್ಲ. ನಾನು ಮದುವೆಯಾಗಿ ಬಂದ ವರ್ಷ ಅತ್ತೆ ನನಗೆ ಅಡಿಗೆ ಮನೆಯ ಡಬ್ಬಿಗಳನ್ನು ತೋರಿಸುವ ಮೊದಲೇ ಇದನ್ನು ಕಲಿಸಿದರು. ಅವರ ಪಾಠದಲ್ಲಿ ನಿಯಮಗಳಿದ್ದವು. ಮೊದಲು ವಸ್ತು ಹೇಳಬೇಕು, ಆಮೇಲೆ ದಿಕ್ಕು. "ಚರಂಡಿ ಎಡಕ್ಕೆ," "ದನ ಬಲಕ್ಕೆ," "ಲಾರಿ ಎದುರಿಗೆ." ದನಿ ಏರಿಸಬಾರದು. ಮುಖ್ಯವಾಗಿ ಅಯ್ಯೋ ಎನ್ನಬಾರದು. "ಅಯ್ಯೋ ಅಂದ್ರೆ ಓಡಿಸೋರಿಗೆ ಏನು ತಿಳೀತದೆ? ಅಯ್ಯೋ ಎಡಕ್ಕಿದೆಯೋ ಬಲಕ್ಕಿದೆಯೋ?" ಎಂದು ಕೇಳುತ್ತಿದ್ದರು. ಅತ್ತೆ ಮಿತಭಾಷಿ. ಮಳೆಗಾಲದಲ್ಲಿ ಕಾರಿನೊಳಗೆ ಮಾತ್ರ ಅವರು ಎಡೆಬಿಡದೆ ಮಾತಾಡಿದ್ದನ್ನು ನಾನು ಕೇಳಿದ್ದು.

ಆ ಕಾರು ಮಾವನವರದು. ಬಿಳಿಯೆಂದು ಕೊಂಡ ಅಂಬಾಸಿಡರ್. ನಾನು ಬರುವ ಹೊತ್ತಿಗೆ ಕೆನೆ ಬಣ್ಣಕ್ಕೆ ತಿರುಗಿತ್ತು. ಈಗ ಅದಕ್ಕೆ ಯಾವ ಬಣ್ಣವೆಂದು ಹೇಳಲು ಬರುವುದಿಲ್ಲ. ಗೇರು ನೆಲದಲ್ಲಿಲ್ಲ, ಸ್ಟೇರಿಂಗಿನ ಪಕ್ಕದಲ್ಲೇ ಇದೆ. ಮುಂದಿನ ಸೀಟು ಮನೆಯ ಜಗಲಿಯಂತೆ ಉದ್ದಕ್ಕೆ ಒಂದೇ. ಅದರ ಮೇಲೆ ಮಾವ, ಅತ್ತೆ, ಅವರ ನಡುವೆ ಹಲಸಿನ ಹಣ್ಣು ಕೂತು ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕೈಬ್ರೇಕು ಅಂದೂ ಹಿಡಿಯುತ್ತಿರಲಿಲ್ಲ, ಇಂದೂ ಹಿಡಿಯುವುದಿಲ್ಲ. ಏರಿನಲ್ಲಿ ನಿಲ್ಲಿಸಿದರೆ ಪಕ್ಕದಲ್ಲಿದ್ದವರು ಇಳಿದು ಹಿಂಚಕ್ರಕ್ಕೆ ಮರದ ತುಂಡು ಕೊಡಬೇಕು. ಅದೂ ನನ್ನ ಕೆಲಸವೇ. ಮದುವೆಮನೆಗಳಿಗೆ ರೇಷ್ಮೆ ಸೀರೆಯುಟ್ಟು, ಮೊಣಕೈಯಷ್ಟು ಉದ್ದದ ಹಲಸಿನ ಮರದ ತುಂಡನ್ನು ಹಿಡಿದು ಇಳಿದವಳು ನಾನೊಬ್ಬಳೇ ಇರಬೇಕು.

ಮಾವ ಹೋದ ಮೇಲೆ ಕಾರು ನಮ್ಮ ಮನೆಯವರ ಕೈಗೆ ಬಂತು, ದಾರಿ ಹೇಳುವ ಕೆಲಸ ಪೂರ್ತಿ ನನಗೆ. ಈ ಕೆಲಸದಲ್ಲಿ ಒಂದು ತೊಂದರೆಯಿದೆ. ಅಭ್ಯಾಸವಾದ ಮೇಲೆ ಬಾಯಿಗೆ ಮಂಜು ಯಾವುದು ಬಿಸಿಲು ಯಾವುದು ತಿಳಿಯುವುದಿಲ್ಲ. ಮಾರ್ಚಿ ತಿಂಗಳ ಮಟಮಟ ಮಧ್ಯಾಹ್ನ ಕುಶಾಲನಗರದ ಚಪ್ಪಟೆ ರಸ್ತೆಯಲ್ಲೂ ನಾನು "ಸೈಕಲ್ಲು ಎಡಕ್ಕೆ, ನಾಯಿ ಬಲಕ್ಕೆ" ಎನ್ನುತ್ತಲೇ ಇರುತ್ತಿದ್ದೆ. ಇವರು ಮೊದಮೊದಲು ನಗುತ್ತಿದ್ದರು. ಆಮೇಲೆ ರೇಗತೊಡಗಿದರು. "ಮಂಜು ಹೋಗಿ ತಿಂಗಳಾಯ್ತು ಕಣೆ. ನಂಗೂ ಕಣ್ಣದೆ."

"ಇದ್ರೆ ಒಳ್ಳೇದೇ ಆಯ್ತು. ಎಮ್ಮೆ, ಎದುರಿಗೆ."

"ಎಮ್ಮೆನೂ ನಿನ್ನ ಮಾತು ಕೇಳಿ ಬೇಜಾರಾಗಿ ದಾರಿ ಬಿಡ್ತಾ ಅದೆ ನೋಡು."

ಹೀಗೆ ಇಪ್ಪತ್ತಾರು ವರ್ಷ ನಡೆಯಿತು. ಆಮೇಲೆ ಒಂದು ದಿನ ಇವರು ರೇಗುವುದನ್ನು ನಿಲ್ಲಿಸಿದರು. ಯಾವ ದಿನವೆಂದು ಹೇಳಲಾರೆ. ನಾನು "ಆಟೋ ಎಡಕ್ಕೆ" ಎಂದರೆ "ಹ್ಞೂಂ" ಎನ್ನುತ್ತಿದ್ದರು. ನಾನು ಸೀರೆ ಸೆರಗನ್ನೋ ಚೀಲವನ್ನೋ ಸರಿಮಾಡಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಾದರೆ, "ಮುಂದೆ ಏನು ಬರ್ತಾ ಅದೆ?" ಎಂದು ಅವರೇ ಕೇಳುತ್ತಿದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲಾರದೆ ಕುಶಾಲನಗರದ ಅಕ್ಕನಿಗೆ ಫೋನು ಮಾಡಿ ಹೇಳಿದೆ. "ಗಂಡಸರಿಗೂ ಒಂದು ವಯಸ್ಸಿಗೆ ಹೆಂಡ್ತಿ ಮಾತು ಬೇಕು ಅನ್ನಿಸ್ತದೆ ಕಣಕ್ಕಾ. ನಮ್ಮನೆಯವರು ಈಗ ಕೇಳಿ ಕೇಳಿ ಮಾತಾಡಿಸ್ತಾರೆ."

ಅಕ್ಕ, "ಬಿ.ಪಿ. ಇರಬೇಕು, ಯಾವುದಕ್ಕೂ ಒಂದು ಸಲ ತೋರಿಸು," ಎಂದಳು. ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಅದೇ ಸುಮಾರಿಗೆ ನಮ್ಮ ಮನೆಯ ಗೇಟಿನ ಎಡಗಂಬಕ್ಕೆ ಕಾರು ಎರಡು ಸಲ ಉಜ್ಜಿತು. ಗಾರೆಯವನು ಕಂಬವನ್ನು ಸೊಟ್ಟ ಕಟ್ಟಿದ್ದಾನೆಂದು ನಾನು ಅವನನ್ನು ಕರೆಸಿ ಬೈದೆ. ಅವನು ನೂಲು ಬಿಟ್ಟು ತೋರಿಸಿದ, ಕಂಬ ನೆಟ್ಟಗಿತ್ತು. ಹಾಗಾದರೆ ನೆಲ ಸೊಟ್ಟಗಿರಬೇಕು ಎಂದೆ. ಕಾರಿನ ತಗ್ಗು ತೆಗೆಸಲು ಮೆಕ್ಯಾನಿಕ್ ಕಾಕನ ಬಳಿ ಹೋದಾಗ ಅವರು ಎಡಗಡೆಯ ಗೀರುಗಳ ಮೇಲೆ ಬೆರಳಾಡಿಸಿ, "ಗಾಡೀಲಿ ಎಂಥದೂ ಕಂಪ್ಲೇಂಟ್ ಇಲ್ಲಕ್ಕಾ. ಓಡಿಸೋರನ್ನ ಒಮ್ಮೆ ಸರ್ವೀಸಿಗೆ ಬಿಡಿ," ಎಂದರು. ತಮಾಷೆಗೆ ಹೇಳಿದರೆಂದು ನಾನು ನಕ್ಕೆ. ಇವರು ನಗಲಿಲ್ಲ. ಇದನ್ನೆಲ್ಲ ನಾನು ಈಗ ಸಾಲಾಗಿ ಜೋಡಿಸಿ ಹೇಳುತ್ತಿದ್ದೇನೆ. ಆಗ ಇವು ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಕೆಲಸಗಳ ಮಧ್ಯೆ ಬಂದು ಹೋದವು.

ಮೂರು ವರ್ಷದ ಹಿಂದೆ, ಕಾಫಿ ಹೂವಿನ ಮಳೆ ಬಿದ್ದು, ಹೂ ಅರಳಿ ಉದುರಿದ ಮೇಲೆ, ಒಂದು ರಾತ್ರಿ ಊಟಕ್ಕೆ ಕೂತವರು, "ಒಂದು ಘಾಟಿ ಇಳಿದು, ಸಮುದ್ರ ನೋಡಿ, ಇನ್ನೊಂದು ಘಾಟಿ ಹತ್ತಿ ಬರಾಣ," ಎಂದರು. ಸಂಪಾಜೆ ಘಾಟಿ ಇಳಿದು ಸುಳ್ಯ, ಕಾಸರಗೋಡು. ಅಲ್ಲಿಂದ ಕಣ್ಣೂರು. ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆ, ಮನೆ. ಎರಡು ದಿನ ಅಂಗಡಿಗೆ ಬಾಗಿಲು. ನಮ್ಮ ಮನೆಯವರು ಎರಡು ದಿನ ಅಂಗಡಿ ಮುಚ್ಚುವುದೆಂದರೆ ಸಾಮಾನ್ಯ ಮಾತಲ್ಲ. ಗೋಣಿಚೀಲಕ್ಕೆಂದು ಮೈಸೂರಿಗೆ ಹೋದರೂ ಅದೇ ಸಂಜೆಯ ಬಸ್ಸಿಗೆ ವಾಪಸು ಬರುವವರು.

"ಬಸ್ಸಲ್ಲಿ ಹೋಗಾಣ. ಇಲ್ಲಾ ಯಾವುದಾದ್ರೂ ಬಾಡಿಗೆ ಕಾರು," ಎಂದೆ.

"ನಮ್ಮ ಗಾಡೀಲೇ. ನಾನೇ ಓಡಿಸ್ತೀನಿ. ನೀನು ಪಕ್ಕ ಕೂತ್ಕೋ."

ಪಕ್ಕ ಕೂತ್ಕೋ ಎಂದದ್ದು ನನಗೆ ಹೇಗೆ ಕೇಳಿಸಿರಬೇಕು ಎಂದು ನೀವೇ ಊಹಿಸಿ. ಮರುದಿನವೇ ಚಕ್ಕುಲಿಗೆ ಹಿಟ್ಟು ಬೀಸಿಸಿದೆ.

ಸಂಪಾಜೆ ಘಾಟಿಯನ್ನು ನಾವು ಮಾವನವರ ಪದ್ಧತಿಯಲ್ಲಿ ಇಳಿದೆವು. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಅವರ ಮಾತು. ನಮ್ಮ ಹಿಂದೆ ಆರೇಳು ಕಾರುಗಳು ಸಾಲಾಗಿ, ಹಾರ್ನು ಹೊಡೆಯುತ್ತಾ, ಮದುವೆ ದಿಬ್ಬಣದ ಹಾಗೆ ಬಂದವು. ಮಡಿಕೇರಿ ಬಿಟ್ಟಾಗ ತೆಗೆದ ಬಾಯಿಯನ್ನು ನಾನು ಸಂಪಾಜೆಯ ಗೇಟು ದಾಟುವವರೆಗೆ ಮುಚ್ಚಲಿಲ್ಲ. ಬಸ್ಸು ಎದುರಿಗೆ, ಕಲ್ಲುರಾಶಿ ಎಡಕ್ಕೆ, ಜರಿದ ಕಡೆ ಕಟ್ಟಿದ ಹೊಸ ಗೋಡೆ ಬಲಕ್ಕೆ, ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳುವ ಹೊಸ ಮದುಮಕ್ಕಳು ಎಡಕ್ಕೆ. ಎಲ್ಲದಕ್ಕೂ ಇವರದು "ಹ್ಞೂಂ." ಅಷ್ಟು ಉದ್ದದ ಸಂಭಾಷಣೆ ನಮ್ಮಿಬ್ಬರ ನಡುವೆ ಮದುವೆಯಾದಂದಿನಿಂದ ನಡೆದದ್ದಿಲ್ಲ ಎಂದು ನನಗೆ ತೋರಿತು. ಸುಳ್ಯದಲ್ಲಿ ಕಾಫಿ ಕುಡಿಯಲು ನಿಂತಾಗ ಇವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಘಟ್ಟದ ಕೆಳಗಿನ ಸೆಖೆ ಎಂದುಕೊಂಡು ಬೀಸಣಿಗೆಯಲ್ಲಿ ಗಾಳಿ ಹಾಕಿದೆ.

ಕಾಸರಗೋಡು ದಾಟಿ ಬೇಕಲದಲ್ಲಿ ಸಮುದ್ರ ನೋಡಿದೆವು. ಸಮುದ್ರದ ಬಗ್ಗೆ ನಾನು ಹೇಳುವುದೇನೂ ಇಲ್ಲ, ಎಲ್ಲರೂ ನೋಡಿದ್ದಾರೆ. ಇವರು ನೋಡಿದ ರೀತಿ ಮಾತ್ರ ನೆನಪಿದೆ. ನಾವೆಲ್ಲ ಸುಮ್ಮನೆ ನಿಂತು ನೋಡುವುದನ್ನು ಇವರು ತಲೆಯನ್ನು ಎಡಗಡೆಯ ತುದಿಗೆ ಒಯ್ದು, ಅಲ್ಲಿಂದ ನಿಧಾನವಾಗಿ ಬಲಗಡೆಯ ತುದಿಗೆ ತಂದು, ಉದ್ದದ ಬೋರ್ಡು ಓದುವವರಂತೆ ನೋಡುತ್ತಿದ್ದರು. ಹಾಗೆ ಎರಡು ಸಲ ಓದಿದರು.

"ಏನ್ರೀ, ಅಳತೆ ತಗೋತಿದ್ದೀರಾ?" ಎಂದೆ.

"ದೊಡ್ಡದದೆ," ಎಂದರು.

ಕಣ್ಣೂರಿನಲ್ಲಿ ಉಳಿದು ಬೆಳಿಗ್ಗೆ ಹೊರಟೆವು. ಇರಿಟ್ಟಿ ದಾಟುವಾಗ ಬಿಸಿಲು ಏರಿತ್ತು. ನಮ್ಮ ಕಾರಿಗೆ ಬಿಸಿಲಿನ ಘಾಟಿಯಲ್ಲಿ ಒಂದು ಉಪಚಾರ ಬೇಕು. ಎಂಜಿನ್ನಿಗೆ ಪೆಟ್ರೋಲು ಏರಿಸುವ ಪುಟ್ಟ ಪಂಪೊಂದಿದೆ. ಅದಕ್ಕೆ ಒದ್ದೆ ಬಟ್ಟೆ ಹೊದಿಸದಿದ್ದರೆ ಪೆಟ್ರೋಲು ಆವಿಯಾಗಿ ಕಾರು ಕೆಮ್ಮಿ ನಿಂತುಬಿಡುತ್ತದೆ. ಅದಕ್ಕೆಂದೇ ಹಳೆಯ ದಟ್ಟಿಯೊಂದನ್ನು ನಾವು ಎಲ್ಲಿಗೆ ಹೋದರೂ ಒಯ್ಯುತ್ತೇವೆ. ಕೂಟುಪುಳದ ಸೇತುವೆಗೆ ಮುಂಚೆ ನಿಲ್ಲಿಸಿ ಬಾನೆಟ್ಟು ಎತ್ತಿದ ಇವರು ದಟ್ಟಿ ಕೇಳಿದರು. ನಾನು ಅದನ್ನು ಹಿಂದಿನ ದಿನ ಒಗೆದು ಲಾಡ್ಜಿನ ಬಾಲ್ಕನಿಯಲ್ಲಿ ಹರವಿ, ಅಲ್ಲೇ ಬಿಟ್ಟು ಬಂದಿದ್ದೆ.

"ಬಾಯಿ ಒಂದು ಬಿಟ್ಟು ಬೇರೆ ಏನೂ ನಿಂಗೆ ನೆನಪಿರಲ್ಲ," ಎಂದರು ಇವರು.

ಬೇರೆ ದಿನವಾಗಿದ್ದರೆ ಇದಕ್ಕೆ ಎರಡು ಉತ್ತರ ಕೊಟ್ಟು ಮರೆಯುತ್ತಿದ್ದೆ. ಆ ದಿನ ಮರೆಯಲಾಗಲಿಲ್ಲ. ಇವರು ರೇಗುವುದನ್ನು ಬಿಟ್ಟ ನಾಲ್ಕು ವರ್ಷದಿಂದ ನನ್ನ ಬಾಯಿಯ ಬಗ್ಗೆ ನಾನು ಬೇರೆಯೇ ಲೆಕ್ಕ ಹಾಕಿಕೊಂಡಿದ್ದೆನಲ್ಲ. ನನ್ನ ಟವೆಲನ್ನು ನೀರಿನಲ್ಲಿ ಅದ್ದಿ ಕೊಟ್ಟು, ಸೀಟಿನಲ್ಲಿ ಕೂತು, ಬಾಯಿ ಮುಚ್ಚಿಕೊಂಡೆ. ವಿರಾಜಪೇಟೆಯವರೆಗೆ ಒಂದು ಅಕ್ಷರ ಆಡಬಾರದೆಂದು ನಿಶ್ಚಯಿಸಿದೆ. ಇಂಥ ನಿಶ್ಚಯಗಳನ್ನು ನಾನು ಬಹಳ ಚೆನ್ನಾಗಿ ಪಾಲಿಸುತ್ತೇನೆ.

ಮಾಕುಟ್ಟದ ಚೆಕ್‌ಪೋಸ್ಟು ದಾಟಿದ ಮೇಲೆ ಕಾಡು. ಎರಡೂ ಕಡೆ ಮರ, ನಡುವೆ ರಸ್ತೆ, ಅಲ್ಲಲ್ಲಿ ಬಿಸಿಲಿನ ತೇಪೆ. ಮೊದಲನೇ ತಿರುವಿನಲ್ಲಿ ಇವರು ಹಾರ್ನನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿದರು. ಎರಡನೆಯದರಲ್ಲಿ ಎಡಚಕ್ರ ಡಾಂಬರಿನಿಂದ ಕೆಳಗಿಳಿದು ಮಣ್ಣಿಗೆ ಬಿತ್ತು. ಹೇಗೋ ಮೇಲೆ ಎಳೆದುಕೊಂಡರು. "ಮುಂದೆ ಏನದೆ?" ಎಂದು ಕೇಳಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಗಾಡಿ ನಡಿಗೆಯ ವೇಗಕ್ಕೆ ಇಳಿಯಿತು. "ಏನದೆ ಹೇಳೇ," ಎಂದರು. ಆ ದನಿಯನ್ನು ನಾನು ಸೋಲು ಒಪ್ಪಿಕೊಳ್ಳುವ ದನಿ ಎಂದು ತಿಳಿದು, ಇನ್ನೊಂದು ತಿರುವು ಕಾಯಿಸೋಣ ಎಂದುಕೊಂಡೆ.

ಮೂರನೇ ತಿರುವಿನಲ್ಲಿ ಕಲ್ಲಂಗಡಿ ಹಣ್ಣಿನ ಲಾರಿ ಇಳಿದು ಬಂತು. ಅದಕ್ಕೆ ದಾರಿ ಬಿಡಲು ಇವರು ಎಡಕ್ಕೆ ತಂದರು. ಎಡಕ್ಕೆ ತಡೆಗಲ್ಲು ಇರಲಿಲ್ಲ. ಮಳೆಗಾಲದಲ್ಲಿ ಕೊಚ್ಚಿ ಹೋದ ಜಾಗಕ್ಕೆ ಎರಡು ಖಾಲಿ ಡ್ರಮ್ಮು ಇಟ್ಟು ಕೆಂಪು ಬಟ್ಟೆ ಕಟ್ಟಿದ್ದರು. ಮೊದಲನೇ ಡ್ರಮ್ಮು ನಮ್ಮ ಬಂಪರಿಗೆ ತಾಗಿ ಉರುಳಿತು. ಅದು ಕೆಳಗೆ ಬೀಳುವ ಶಬ್ದ ಬಹಳ ಹೊತ್ತು ಕೇಳಿತು. "ಅಯ್ಯೋ," ಎಂದುಬಿಟ್ಟೆ. ಅತ್ತೆಯ ಪಾಠವೆಲ್ಲ ಅಷ್ಟೇ ಆಯಿತು.

ಇವರು ಬ್ರೇಕು ತುಳಿದು ಗಾಡಿ ನಿಲ್ಲಿಸಿದರು. ಲಾರಿಯವನು ಮಲಯಾಳದಲ್ಲಿ ಏನೋ ಬೈದು ದಾಟಿಕೊಂಡು ಹೋದ. ಎಂಜಿನ್ನು ಆರಿಸಿದರು. ಎರಡೂ ಕೈ ಇನ್ನೂ ಸ್ಟೇರಿಂಗಿನ ಮೇಲೇ ಇತ್ತು.

"ನೀನು ಹೇಳಲಿಲ್ಲ," ಎಂದರು.

"ಅಷ್ಟು ದೊಡ್ಡ ಡ್ರಮ್ಮು! ನಿಮಗೆ ಕಣ್ಣಿಲ್ವಾ?"

"ಇಲ್ಲ," ಎಂದರು ಇವರು.

ಅಷ್ಟರಲ್ಲಿ ಹಿಂದಿನಿಂದ ಬಂದ ಜೀಪೊಂದು ಪಕ್ಕದಲ್ಲಿ ನಿಂತಿತು. ಬಿಳಿ ಮೀಸೆಯವರೊಬ್ಬರು ತಲೆ ಹೊರಹಾಕಿ, "ಎಂಥ ಆಯ್ತು? ಗಾಡಿ ಹೀಟಾ?" ಎಂದು ಕೇಳಿದರು.

"ಹೀಟು," ಎಂದರು ಇವರು.

"ಹೀಟು," ಎಂದೆ ನಾನೂ.

"ಅಂಬಾಸಿಡರಲ್ವಾ! ಬಾನೆಟ್ ಎತ್ತಿ ಅರ್ಧ ಗಂಟೆ ಬಿಡಿ, ತಾನೇ ಬರ್ತದೆ. ಆನೆ ಬಂದ್ರೆ ಮಾತ್ರ ಇಳೀಬೇಡಿ," ಎಂದು ನಕ್ಕು ಅವರು ಹೋದರು. ಹಳೆಯ ಕಾರಿನಿಂದ ಇದೊಂದು ಉಪಕಾರವಿದೆ. ಎಲ್ಲಿ ನಿಂತರೂ ಯಾರೂ ಬೇರೆ ಕಾರಣ ಹುಡುಕುವುದಿಲ್ಲ.

ಬಾನೆಟ್ಟು ಎತ್ತಿಟ್ಟು, ಚಕ್ರಕ್ಕೆ ಮರದ ತುಂಡು ಕೊಟ್ಟು ಬಂದೆ. ಆಮೇಲೆ ಇವರು ಹೇಳಿದರು. ಎದುರಿಗಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಗೋಣಿಚೀಲ ಸುತ್ತಿ ಕೊಳವೆ ಮಾಡಿ ನೋಡಿದ ಹಾಗೆ. ಎಡಗಣ್ಣು ಹೆಚ್ಚು ಹೋಗಿದೆ. ಗೋಣಿಚೀಲ ತರಲು ಮೈಸೂರಿಗೆ ಹೋದಾಗಲೆಲ್ಲ ಕಣ್ಣಿನ ಡಾಕ್ಟರ ಬಳಿಗೂ ಹೋಗುತ್ತಿದ್ದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುವ ಕಾಯಿಲೆ, ಹೋದದ್ದು ಬರುವುದಿಲ್ಲ. ಇನ್ನು ಗಾಡಿ ಮುಟ್ಟಕೂಡದೆಂದು ಡಾಕ್ಟರು ಹೇಳಿ ಒಂದು ತಿಂಗಳಾಗಿತ್ತು. ಬಿಡುವ ಮೊದಲು ಒಂದು ಸಲ ಎರಡು ಘಾಟಿ ಓಡಿಸೋಣ ಎನಿಸಿತಂತೆ. ಕಣ್ಣಿಗೆ ಹಾಕುವ ಹನಿ ಔಷಧಿ ನಮ್ಮ ಅಂಗಡಿಯ ತೂಕದ ಬಟ್ಟುಗಳ ಪೆಟ್ಟಿಗೆಯಲ್ಲಿ, ಎರಡು ಕಿಲೋದ ಬಟ್ಟಿನ ಹಿಂದೆ ಇತ್ತಂತೆ. ಆ ಪೆಟ್ಟಿಗೆಯ ಧೂಳನ್ನು ನಾನೇ ವಾರಕ್ಕೊಮ್ಮೆ ಒರೆಸುತ್ತಿದ್ದೆ.

"ಹಾಗಾದ್ರೆ ನಾಲ್ಕು ವರ್ಷದಿಂದ ಗಾಡಿ ಹೇಗೆ ಓಡಿಸಿದ್ರಿ?"

"ನೀನು ಹೇಳ್ತಿದ್ದೆಯಲ್ಲ."

ನೀವು ನನ್ನ ಜಾಗದಲ್ಲಿದ್ದರೆ ಆಗ ಏನನ್ನು ಯೋಚಿಸುತ್ತಿದ್ದಿರೋ ಗೊತ್ತಿಲ್ಲ. ಕಣಿವೆಯ ಅಂಚಿನಲ್ಲಿದ್ದೆವು. ಗಂಡನ ಕಣ್ಣು ಹೋಗುತ್ತಿದೆ ಎಂದು ಆಗಷ್ಟೇ ಕೇಳಿದ್ದೆ. ಆದರೆ ನನಗೆ ಮೊದಲು ನೆನಪಾದದ್ದು ಅಕ್ಕನಿಗೆ ಮಾಡಿದ ಫೋನು. ಗಂಡಸರಿಗೂ ಒಂದು ವಯಸ್ಸಿಗೆ ಹೆಂಡ್ತಿ ಮಾತು ಬೇಕು ಅನ್ನಿಸ್ತದೆ ಎಂದಿದ್ದೆನಲ್ಲ! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದರ ಹಿಂದೆ ಸಿಟ್ಟು ಬಂತು. ಡ್ರಮ್ಮಿನ ಜಾಗದಲ್ಲಿ ನಾವಿರಬಹುದಿತ್ತು ಎಂಬುದು ಸಿಟ್ಟಿನ ಹಿಂದೆಯೇ ತಲೆಗೆ ಹೊಕ್ಕಿತು.

"ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ಓಡಿಸೋಕೆ ಬಿಡ್ತಿದ್ಯಾ?"

"ಇಲ್ಲ."

"ಮತ್ತೆ?"

ಇಬ್ಬರೂ ಒಂದೊಂದು ಚಕ್ಕುಲಿ ತಿಂದೆವು. ಏಕೆ ತಿಂದೆವೋ ಕಾಣೆ. ಡಬ್ಬಿ ಕಾಲ ಬಳಿ ಇತ್ತು.

ನನ್ನ ಬಳಿ ಲೈಸೆನ್ಸಿತ್ತು. ಇಪ್ಪತ್ತು ವರ್ಷದ ಹಿಂದೆ ಇವರೇ ಮಾಡಿಸಿಕೊಟ್ಟದ್ದು. ಆದರೆ ಕಲ್ಲುಕೋರೆಯ ಬಯಲಿನಲ್ಲಿ ಎಂಟು ದಿನ ಸುತ್ತು ಹೊಡೆದದ್ದನ್ನು ಬಿಟ್ಟರೆ ನಾನು ಆ ಕಾರನ್ನು ಮುಟ್ಟಿರಲಿಲ್ಲ. ಅಲ್ಲಿ ಮೊಬೈಲಿಗೆ ಸಿಗ್ನಲಿಲ್ಲ. ಹಿಂದಕ್ಕೆ ಇಳಿಯುವುದಕ್ಕಿಂತ ಮುಂದಕ್ಕೆ ಹತ್ತುವುದು ಮೇಲು ಎಂದು ನಾನೇ ಸೀಟಿನ ಉದ್ದಕ್ಕೆ ಬಲಕ್ಕೆ ಸರಿದೆ. ಇವರು ಬಾಗಿಲು ತೆಗೆದು ಇಳಿದರು.

ಏರಿನಲ್ಲಿ ನಿಂತ ಅಂಬಾಸಿಡರನ್ನು ಹೊರಡಿಸುವುದಕ್ಕೆ ಮೂರು ಕಾಲು ಬೇಕು, ಇರುವುದು ಎರಡು. ಅದಕ್ಕೇ ಹಿಂಚಕ್ರಕ್ಕೆ ಮರದ ತುಂಡು. ಗಾಡಿ ಹೊರಟ ಮೇಲೆ ಅದನ್ನು ಎತ್ತಿಕೊಂಡು ಓಡಿ ಬಂದು ಹತ್ತುವುದು ಇಷ್ಟು ವರ್ಷ ನನ್ನ ಪಾಲಿಗೆ ಬಂದಿತ್ತು. ಈಗ ಇವರು ಬಾನೆಟ್ಟು ಮುಚ್ಚಿ, ಹಿಂದೆ ಹೋಗಿ ನಿಂತರು.

"ಫಸ್ಟ್ ಗೇರು. ಕ್ಲಚ್ಚು ನಿಧಾನ. ಶಬ್ದ ಇಳಿದ ತಕ್ಷಣ ಆಕ್ಸಿಲೇಟರ್ ಕೊಡು. ಹೊರಟ ಮೇಲೆ ನಿಲ್ಲಿಸಬೇಡ, ಮಟ್ಟಸ ಜಾಗ ಸಿಗೋವರೆಗೆ ಹೋಗ್ತಾನೇ ಇರು," ಎಂದು ಕೂಗಿದರು. ಎರಡು ಸಲ ಆರಿಹೋಯಿತು. ಮೂರನೇ ಸಲ ಇಡೀ ಕಾಡಿಗೆ ಕೇಳುವಂತೆ ಗರ್ಜಿಸಿ ಹೊರಟಿತು. ನಿಲ್ಲಿಸಬೇಡ ಎಂದರೆ ನಾನು ನಿಲ್ಲಿಸುವವಳಲ್ಲ. ಎರಡು ತಿರುವು ಆದ ಮೇಲೆ ಹೆಚ್ಚುಕಡಿಮೆ ಮಟ್ಟಸವಾದ ಒಂದು ಜಾಗ ಸಿಕ್ಕಿತು. ನಿಲ್ಲಿಸಿ ಕನ್ನಡಿ ನೋಡಿದೆ. ರಸ್ತೆ ಖಾಲಿ ಇತ್ತು.

ನನ್ನ ಗಡಿಯಾರದಲ್ಲಿ ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ನಾನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಕನ್ನಡಿಯ ಮೂಲೆಯಲ್ಲಿ ಇವರು ಬಂದರು. ಬಲಗೈಯಲ್ಲಿ ಮರದ ತುಂಡು, ಎಡಗೈ ಪಕ್ಕದ ತಡೆಗೋಡೆಯ ಮೇಲೆ. ಗೋಡೆ ಮುಗಿದ ಕಡೆ ನಿಂತು, ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ, ಮುಂದಿನ ಹೆಜ್ಜೆ ಇಡುತ್ತಿದ್ದರು. ಬೇಕಲದಲ್ಲಿ ಸಮುದ್ರವನ್ನು ನೋಡಿದ ಹಾಗೆ. ಇಳಿದು ಹೋಗಿ ಕೈ ಹಿಡಿಯೋಣವೆಂದುಕೊಂಡೆ. ಬ್ರೇಕಿನಿಂದ ಕಾಲು ತೆಗೆದರೆ ಕಾರು ಹಿಂದಕ್ಕೆ, ಅವರ ಕಡೆಗೇ ಉರುಳಬಹುದಿತ್ತು. ಕೂತಲ್ಲೇ ಕೂತೆ.

ಹತ್ತಿ ಕೂತು, ತುಂಡನ್ನು ಕಾಲ ಬಳಿ ಇಟ್ಟು, "ಇನ್ನೊಂದು ಸ್ವಲ್ಪ ಮುಂದೆ ನಿಲ್ಲಿಸಿದ್ರೆ ವಿರಾಜಪೇಟೆಗೆ ನಡ್ಕೊಂಡೇ ಬಂದುಬಿಡ್ತಿದ್ದೆ," ಎಂದರು.

ಅಲ್ಲಿಂದ ಮೇಲಕ್ಕೆ ಇವರು ದಾರಿ ಹೇಳಿದರು. ಮಾವನವರ ಜೊತೆ ಚಿಕ್ಕಂದಿನಿಂದ ಓಡಾಡಿದ ಘಾಟಿ, ಎಲ್ಲ ಬಾಯಿಪಾಠ. "ಈಗ ಬಲಕ್ಕೆ ಹೊರಳ್ತದೆ... ಮುಂದೆ ಒಂದು ದೊಡ್ಡ ಮಾವಿನ ಮರ, ಅಲ್ಲಿ ಎಡಕ್ಕೆ ಕಿರಿದಾಗ್ತದೆ..." ಮಾವಿನ ಮರ ಇರಲಿಲ್ಲ. ಗುಡ್ಡ ಜರಿದ ಮೇಲೆ ಆ ಜಾಗದಲ್ಲಿ ರಸ್ತೆಯನ್ನೇ ಸರಿಸಿ ಅಗಲ ಮಾಡಿದ್ದರು. ಅವರು ಹೇಳಿದ್ದರಲ್ಲಿ ಅರ್ಧ ಅಲ್ಲಿರಲಿಲ್ಲ. ನಾನು ಎದುರಿಗಿದ್ದ ರಸ್ತೆಯನ್ನು ನೋಡಿ ಓಡಿಸಿದೆ. ಅವರ ಪ್ರತಿ ಮಾತಿಗೂ "ಹ್ಞೂಂ" ಎಂದೆ. ಪೆರುಂಬಾಡಿಗೆ ಬರುವಾಗ ನನ್ನ ರವಿಕೆಯ ಬೆನ್ನು ಒದ್ದೆಯಾಗಿತ್ತು. ಅದು ಸೆಖೆಯಲ್ಲ ಎಂದು ಆಗ ತಿಳಿಯಿತು.

ಅಂದಿನಿಂದ ಕಾರು ನಾನು ಓಡಿಸುತ್ತೇನೆ. ಮೊದಲ ಒಂದು ವರ್ಷ ಇವರು ಎಡಗಡೆ ಕೂರಲು ಒಪ್ಪದೆ, ಬಾಡಿಗೆ ಕಾರಿನ ಹಾಗೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಪೇಟೆಯವರು ಕೇಳಿದರೆ "ಓನರ್ ಹಿಂದೇನೇ ಕೂರೋದು" ಎನ್ನುತ್ತಿದ್ದರು. ಹನಿ ಔಷಧಿ ಈಗ ದೇವರ ಗೂಡಿನ ಪಕ್ಕದಲ್ಲಿದೆ, ಎರಡು ಹೊತ್ತೂ ನಾನೇ ಹಾಕುತ್ತೇನೆ. ಕಳೆದ ತಿಂಗಳು ಪರೀಕ್ಷೆ ಮಾಡಿದ ಡಾಕ್ಟರು ಕಾಗದದ ಮೇಲಿನ ಕಪ್ಪು ಬಿಳುಪು ಚಿತ್ರ ತೋರಿಸಿದರು. ಕಪ್ಪಿನ ನಡುವೆ ಬಿಳಿಯ ಕಿಂಡಿ ಹೋದ ವರ್ಷ ಚಕ್ಕುಲಿಯಷ್ಟಿತ್ತು, ಈಗ ಕೋಡುಬಳೆಯ ಒಳಗಿನ ತೂತಿನಷ್ಟು. ಡಾ‌ಕ್ಟರು ಹಾಗೆ ಹೇಳಲಿಲ್ಲ, ನಾನು ಹಾಗೆ ನೋಡಿದೆ. ಬರುವಾಗ ದಾರಿಯಲ್ಲಿ ಇವರು, "ಮಂಜಿಲ್ಲದ ದಿನ ನೋಡಿ ಬಿಸಿಲೆ ಘಾಟಿಗೆ ಹೋಗಾಣ," ಎಂದರು. ಮಳೆಗಾಲ ಕಳೆದ ಮೇಲೆ ಹಸಿರಾಗಿರುತ್ತದೆ, ಆಗ ಹೋಗೋಣ ಎಂದೆ. "ಅಲ್ಲೀವರೆಗೆ ಕಾಯೋದು ಬೇಡ ಕಣೆ," ಎಂದರು.

ಮೊನ್ನೆ ಭಾನುವಾರ ಹೋದೆವು. ಇವರು ಮುಂದೆ, ಎಡಗಡೆ ಕೂತರು. ಹೊರಡುವಾಗಲೇ ಒಂದು ಮಾತು ಹೇಳಿದರು. "ಇವತ್ತು ನೀನು ಏನೂ ಹೇಳಬೇಡ. ನಂಗೆ ಎಷ್ಟು ಕಾಣ್ತದೋ ಅಷ್ಟು ನೋಡ್ತೀನಿ." ಆ ದಾರಿಯಲ್ಲಿ ಸುಮ್ಮನಿರುವುದು ನನಗೆ ಸಿಟ್ಟಿನಿಂದ ಸುಮ್ಮನಿದ್ದಷ್ಟು ಸುಲಭವಾಗಲಿಲ್ಲ. ನವಿಲೊಂದು ಎಡಕ್ಕೆ ರಸ್ತೆಯ ಅಂಚಿನಲ್ಲೇ ನಿಂತಿತ್ತು. ತುಟಿ ಕಚ್ಚಿ ದಾಟಿಸಿಕೊಂಡು ಬಂದೆ.

ಕಣಿವೆ ಕಾಣುವ ಜಾಗದಲ್ಲಿ ಕಟ್ಟೆಯ ಮೇಲೆ ಕೂತು ಇವರು ಎಡತುದಿಯಿಂದ ಬಲತುದಿಗೆ ನಿಧಾನವಾಗಿ ಓದತೊಡಗಿದರು. ಬೆಟ್ಟದ ಒಂದು ಕಡೆ ತಲೆ ನಿಂತಿತು.

"ಅಗೋ, ಅಲ್ಲಿ ಬೆಳ್ಳಗೆ ಉದ್ದಕ್ಕೆ ಕಾಣ್ತಾ ಅದಲ್ಲ. ನೀರಲ್ವಾ? ಈ ಬಿಸಿಲಲ್ಲೂ ಬೀಳ್ತಾ ಅದೆ ನೋಡು."

ಅದು ಒಣಗಿದ ಬಂಡೆ. ಮಳೆಗಾಲದಲ್ಲಿ ನೀರು ಇಳಿಯುವ ಜಾಗ. ಈಗ ಬರಿಯ ಬೋಳುಗಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಏನೂ ಹೇಳಬೇಡ ಎಂದಿದ್ದರಲ್ಲ, ಹೇಳಲಿಲ್ಲ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

ಇದನ್ನು ಬರೆಯುತ್ತಿರುವಾಗ ಮಂಜು ಪೂರ್ತಿ ಕರಗಿ, ಅಂಗಡಿಗೆ ಜನ ಬರತೊಡಗಿದ್ದಾರೆ. ಬಿಸಿಲೆಯ ಕಡೆಯಿಂದ ಬಂದ ಗಿರಾಕಿಯೊಬ್ಬನಿಗೆ ದನ ಕಟ್ಟುವ ಹಗ್ಗ ಬೇಕಂತೆ. ಇವರು ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಭಾನುವಾರದ ಕಥೆ ಹೇಳುತ್ತಿದ್ದಾರೆ. ಎದುರಿನ ಬೆಟ್ಟದಿಂದ ನೀರು ಬೀಳುತ್ತಿತ್ತಂತೆ, ಬೆಳ್ಳಗೆ, ಹಾಲು ಸುರಿದ ಹಾಗೆ.

"ಈ ಕಾಲದಲ್ಲಿ ಅಲ್ಲಿ ನೀರೆಲ್ಲಣ್ಣ? ದೀಪಾವಳಿಗೇ ಬತ್ತೋಯ್ತದೆ," ಎಂದ ಅವನು, ದಿನಾ ಆ ಬೆಟ್ಟವನ್ನು ನೋಡುವವನು. ಹಾಗೆಂದು ನನ್ನ ಮುಖ ನೋಡಿದ.

"ಬೀಳ್ತಾ ಇತ್ತು. ನಾನೂ ನೋಡ್ದೆ," ಎಂದು ಹೇಳಿ, ಅವನ ಹಗ್ಗವನ್ನು ಮೊಳ ಹಾಕಲು ಎದ್ದೆ.